ತೇಗದ ನೆಡುತೋಪು: ಒಳ್ಳೆಯ ಹಲಗೆಗಾಗಿ ಅಂತರ ಇಡುವ, ಕಾಂಡ ತಿದ್ದುವ ಕ್ರಮ

ಮರ ಕೊಯ್ಯುವ ಮಿಲ್ಲಿನ ಅಂಗಳದಲ್ಲಿ ಒಮ್ಮೆ ಎರಡು ತೇಗದ ದಿಮ್ಮಿಗಳನ್ನು ಒಂದರ ಹಿಂದೊಂದು ಕೊಯ್ಯುವುದನ್ನು ನಿಂತು ನೋಡಿದ್ದೆ. ಎರಡರ ವಯಸ್ಸೂ ಹೆಚ್ಚು ಕಡಿಮೆ ಒಂದೇ, ನಡುಭಾಗದ ಸುತ್ತಳತೆಯೂ ಒಂದೇ. ಮೊದಲನೆಯದು ಗದ್ದೆಯ ಬದುವಿನಲ್ಲಿ ಒಂಟಿಯಾಗಿ ಬೆಳೆದದ್ದು, ಎರಡನೆಯದು ಒತ್ತಾಗಿ ನೆಟ್ಟ ತೋಪಿನ ಒಳಗಿನದು. ಬದುವಿನ ಮರದ ಹಲಗೆಯಲ್ಲಿ ಮೊಳಕ್ಕೊಂದರಂತೆ ಗಂಟುಗಳಿದ್ದವು. ಅವುಗಳಲ್ಲಿ ಒಂದು ಕಪ್ಪು ಗಂಟನ್ನು ಮಿಲ್ಲಿನ ಕೆಲಸಗಾರ ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಅದು ಬಿರಡೆಯಂತೆ ಕಳಚಿ ಬಿದ್ದು, ಹಲಗೆಯಲ್ಲಿ ಆಚೆ ಬದಿ ಕಾಣುವ ತೂತು ಉಳಿಯಿತು. ತೋಪಿನ ಮರದ ಹಲಗೆಯಲ್ಲಿ ಆರು ಅಡಿ ಉದ್ದಕ್ಕೂ ಒಂದು ಕಲೆಯೂ ಇರಲಿಲ್ಲ. ಖರೀದಿಯ ದಿನ ಅಳತೆ ಪಟ್ಟಿ ಹಿಡಿದಾಗ ಎರಡೂ ಒಂದೇ ಘನ ಅಡಿ ತೋರಿಸಿದ್ದವು. ಆದರೆ ಆಚಾರಿ ಒಂದನ್ನು ಬಾಗಿಲಿಗೆ ತೆಗೆದಿಟ್ಟರು, ಇನ್ನೊಂದನ್ನು ಕಣ್ಣಿಗೆ ಕಾಣದ ಕೆಲಸಕ್ಕೆ ಪಕ್ಕಕ್ಕೆ ಹಾಕಿದರು.

ಈ ವ್ಯತ್ಯಾಸಕ್ಕೆ ತಳಿ ಮತ್ತು ಮಣ್ಣು ಒಂದು ಮಟ್ಟಿಗೆ ಕಾರಣವಾಗಿರಬಹುದು. ಆದರೆ ಬೆಳೆಗಾರನ ಕೈಯಲ್ಲಿರುವ ಕಾರಣಗಳು ಎರಡೇ: ಮರಗಳ ನಡುವೆ ಯಾವ ವಯಸ್ಸಿನಲ್ಲಿ ಎಷ್ಟು ಅಂತರವಿತ್ತು ಎಂಬುದು ಒಂದು, ಕಾಂಡವನ್ನು ನೇರವಾಗಿ, ಕೊಂಬೆರಹಿತವಾಗಿ ಬೆಳೆಸಲು ಮೊದಲ ಹತ್ತು ವರ್ಷಗಳಲ್ಲಿ ಏನು ಮಾಡಲಾಯಿತು ಎಂಬುದು ಮತ್ತೊಂದು. ತೇಗ ನೆಡಬೇಕೆಂದಿರುವವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅಡಿಗೊಂದು ಗಿಡ ಹಾಕಬೇಕು?’ ಎಂಬುದು. ಅಂತರವೆಂದರೆ ನೆಡುವ ದಿನ ಒಮ್ಮೆ ನಿರ್ಧರಿಸಿ ಮರೆತುಬಿಡುವ ಸಂಖ್ಯೆಯಲ್ಲ. ಮರ ಬೆಳೆದಂತೆ ಹಂತಹಂತವಾಗಿ ಬದಲಾಯಿಸುತ್ತ ಹೋಗಬೇಕಾದದ್ದು. ಈ ಮಾರ್ಗದರ್ಶಿಯನ್ನು ಆ ಹಂತಗಳ ಕ್ರಮದಲ್ಲೇ ಬರೆದಿದ್ದೇನೆ.

ನೆಡುವ ಮೊದಲು: ಅಂತರ ಮರದೊಳಗೆ ಮಾಡುವ ಕೆಲಸ

ತೇಗ ಬಿಸಿಲು ಬೇಡುವ ಮರ. ಸುತ್ತ ಜಾಗವಿದ್ದರೆ ಅದು ಕೊಂಬೆಗಳನ್ನು ಅಗಲಕ್ಕೆ ಚಾಚುತ್ತದೆ, ಬುಡದ ಸಮೀಪದ ಕೊಂಬೆಗಳಿಗೂ ಬೆಳಕು ಸಿಗುವುದರಿಂದ ಅವು ಸಾಯದೆ ದಪ್ಪವಾಗುತ್ತವೆ. ಒತ್ತಾಗಿದ್ದರೆ ಕೆಳಗಿನ ಕೊಂಬೆಗಳು ನೆರಳಿಗೆ ಸಿಕ್ಕಿ ಎಳೆಯದರಲ್ಲೇ ಒಣಗಿ ಉದುರುತ್ತವೆ, ಮರ ಬೆಳಕನ್ನು ಹುಡುಕಿಕೊಂಡು ಮೇಲಕ್ಕೆ ಏರುತ್ತದೆ. ಗಂಟು ಎಂದರೆ ಕಾಂಡದೊಳಗೆ ಹುದುಗಿದ ಕೊಂಬೆಯ ಬುಡವಲ್ಲದೆ ಬೇರೇನೂ ಅಲ್ಲ. ಹಾಗಾಗಿ ಕೊಂಬೆ ದಪ್ಪವಾದಷ್ಟೂ ಗಂಟು ದೊಡ್ಡದು. ಕೊಂಬೆ ಜೀವಂತವಿದ್ದಾಗ ಅದರ ನಾರು ಕಾಂಡದ ನಾರಿನೊಂದಿಗೆ ಬೆಸೆದಿರುತ್ತದೆ, ಆ ಗಂಟು ಹಲಗೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕೊಂಬೆ ಸತ್ತು, ಉದುರದೆ ಹಾಗೆಯೇ ನಿಂತರೆ, ಕಾಂಡ ಅದರ ಸುತ್ತ ಬೆಳೆಯುತ್ತದೆಯೇ ಹೊರತು ಅದರೊಂದಿಗೆ ಬೆಸೆಯುವುದಿಲ್ಲ. ಮಿಲ್ಲಿನಲ್ಲಿ ಹೆಬ್ಬೆರಳಿಗೆ ಕಳಚಿ ಬಿದ್ದದ್ದು ಅಂಥ ಸತ್ತ ಗಂಟು.

ಎರಡನೆಯ ಪರಿಣಾಮ ಕಾಂಡದ ಆಕಾರದ ಮೇಲಾಗುತ್ತದೆ. ಹಸಿರೆಲೆ ಹೊತ್ತ ಕೊಂಬೆಗಳ ಹರವು ಎಲ್ಲಿಂದ ಆರಂಭವಾಗುತ್ತದೆಯೋ ಅಲ್ಲಿಂದ ಮೇಲಕ್ಕೆ ಕಾಂಡ ಬೇಗ ಬೇಗ ಸಣ್ಣಗಾಗುತ್ತದೆ. ಅದರ ಕೆಳಗಿನ ಕೊಂಬೆರಹಿತ ಭಾಗ ಹೆಚ್ಚು ಕಡಿಮೆ ಕಂಬದಂತೆ ಒಂದೇ ದಪ್ಪಕ್ಕೆ ಬೆಳೆಯುತ್ತದೆ. ಒಂಟಿ ಮರದಲ್ಲಿ ಈ ಹರವು ನೆಲದ ಹತ್ತಿರದಿಂದಲೇ ಶುರುವಾಗುವುದರಿಂದ, ಜೊತೆಗೆ ಗಾಳಿಗೆ ಹೆಚ್ಚು ಓಲಾಡುವ ಮರ ಬುಡವನ್ನೇ ದಪ್ಪ ಮಾಡಿಕೊಳ್ಳುವುದರಿಂದ, ಇಡೀ ಕಾಂಡ ಕ್ಯಾರೆಟ್ಟಿನ ಆಕಾರಕ್ಕೆ ಬರುತ್ತದೆ. ಅಂಥ ದಿಮ್ಮಿಯಿಂದ ಪೂರ್ಣ ಉದ್ದದ ಹಲಗೆ ಸಿಗುವುದು ಅದರ ಸಣ್ಣ ತುದಿಯ ಅಳತೆಗೆ ತಕ್ಕಂತೆ ಮಾತ್ರ, ಬುಡದ ಹೆಚ್ಚುವರಿ ದಪ್ಪ ಪಕ್ಕದ ಸಿಪ್ಪೆ ಚೂರುಗಳಾಗಿ ಹೋಗುತ್ತದೆ.

ಹಾಗೆಂದು ಕೊನೆಯವರೆಗೂ ಒತ್ತಾಗಿಯೇ ಬಿಟ್ಟರೆ ಏನಾಗುತ್ತದೆ? ಕಾಂಡ ನೇರವಾಗಿ, ಶುದ್ಧವಾಗಿ ಇರುತ್ತದೆ, ಆದರೆ ದಪ್ಪವಾಗುವುದಿಲ್ಲ. ಹರವು ಕುಗ್ಗಿ ತುದಿಗೆ ಸೇರಿದ ಮರ ಮತ್ತೆ ಚೇತರಿಸಿಕೊಳ್ಳಲು ವರ್ಷಗಳು ಬೇಕು, ಗಾಳಿಮಳೆಗೆ ಬಾಗುತ್ತದೆ. ನಮ್ಮಲ್ಲಿ ಗಿಡ ನೆಟ್ಟವರಲ್ಲಿ ಬಹುಪಾಲು ಜನ ಮಾಡುವ ತಪ್ಪು ಇದೇ: ಒತ್ತಾಗಿ ನೆಡುತ್ತಾರೆ, ಆಮೇಲೆ ಬೆಳೆದ ಮರ ಕಡಿಯಲು ಮನಸ್ಸು ಬಾರದೆ ಬಿಟ್ಟುಬಿಡುತ್ತಾರೆ. ಇಪ್ಪತ್ತು ವರ್ಷದ ತೋಪಿನಲ್ಲಿ ಸಾವಿರ ಕೋಲುಗಳು ನಿಂತಿರುತ್ತವೆ, ನಾಟಾ ಎನ್ನುವಂಥದ್ದು ಒಂದೂ ಇರುವುದಿಲ್ಲ.

ಒಂದು ಭಯವನ್ನು ಮಾತ್ರ ಇಲ್ಲೇ ನಿವಾರಿಸಬೇಕು. ಬೇಗ ಬೆಳೆದ ತೇಗ ಟೊಳ್ಳು, ನಿಧಾನ ಬೆಳೆದದ್ದೇ ಗಟ್ಟಿ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ತೇಗದ ವಾರ್ಷಿಕ ಉಂಗುರದಲ್ಲಿ ದೊಡ್ಡ ರಂಧ್ರಗಳಿರುವ ಪಟ್ಟಿ ಪ್ರತಿ ವರ್ಷ ಋತುವಿನ ಆರಂಭದಲ್ಲಿ ಮೂಡುತ್ತದೆ, ಅದರ ಅಗಲ ಅಷ್ಟಾಗಿ ಬದಲಾಗುವುದಿಲ್ಲ. ಬೆಳವಣಿಗೆ ಹೆಚ್ಚಾದ ವರ್ಷ ಹಿಗ್ಗುವುದು ಅದರ ನಂತರ ಬರುವ ದಟ್ಟ ನಾರಿನ ಭಾಗ. ಆದ್ದರಿಂದ ಉಂಗುರ ಅಗಲವಾಗಿದೆ ಎಂಬ ಒಂದೇ ಕಾರಣಕ್ಕೆ ತೇಗ ದುರ್ಬಲವಾಗುವುದಿಲ್ಲ. ನಿಜವಾದ ಕೊರತೆ ವಯಸ್ಸಿನದು. ತಿರುಳಿನ ಸುತ್ತ ಮೊದಲ ವರ್ಷಗಳಲ್ಲಿ ಬೆಳೆದ ಎಳೆಮರದ ನಾರು ಗಿಡ್ಡ, ಒಣಗಿದಾಗ ಉದ್ದಕ್ಕೂ ಸ್ವಲ್ಪ ಕುಗ್ಗುತ್ತದೆ, ಹಲಗೆ ತಿರುಚಿಕೊಳ್ಳುತ್ತದೆ. ತೇಗದಲ್ಲಿ ಈ ಎಳೆತನ ಮೊದಲ 15–20 ವರ್ಷಗಳ ಬೆಳವಣಿಗೆಯಲ್ಲೂ ಇರುತ್ತದೆ. ಅಗಲ ಅಂತರ ಕೊಟ್ಟು, ನೀರು ಗೊಬ್ಬರ ಸುರಿದು ಆ ಅವಧಿಯಲ್ಲೇ ಮರವನ್ನು ದಪ್ಪ ಮಾಡಿದರೆ, ದಪ್ಪವಾಗುವುದು ಈ ಎಳೆಯ ಗರ್ಭವೇ. ಮೊದಲು ಒತ್ತು, ಆಮೇಲೆ ಬಿಡುವು ಎಂಬ ಕ್ರಮಕ್ಕೆ ಇದೂ ಒಂದು ಆಧಾರ.

ಮೊದಲ ಹೆಜ್ಜೆ: ನೆಡುವ ಅಂತರ ಮತ್ತು ಮೊದಲ ಮಳೆಗಾಲ

ಅರಣ್ಯ ಇಲಾಖೆಯ ತೇಗದ ನೆಡುತೋಪುಗಳಲ್ಲಿ ಹಿಂದಿನಿಂದ ಬಂದ ಅಂತರ 2 ಮೀಟರ್‌ಗೆ 2 ಮೀಟರ್. ಹೆಕ್ಟೇರಿಗೆ 2,500 ಗಿಡ, ಎಕರೆಗೆ ಸುಮಾರು 1,010. 3 ಮೀಟರ್ ಚೌಕಕ್ಕೆ ಎಕರೆಗೆ ಸುಮಾರು 450, 4 ಮೀಟರ್ ಚೌಕಕ್ಕೆ ಸುಮಾರು 250 ಗಿಡ ಹಿಡಿಯುತ್ತವೆ. ಒಳ್ಳೆಯ ಹಲಗೆಯೇ ಗುರಿಯಾಗಿದ್ದು, ನಡುವೆ ಬೇರೆ ಬೆಳೆ ಬೇಡವಾಗಿದ್ದರೆ, ನನ್ನ ಆಯ್ಕೆ 2 ಅಥವಾ 2.5 ಮೀಟರ್. ಅದರಿಂದ ಎರಡು ಲಾಭಗಳಿವೆ: ಕೊಂಬೆಗಳು ತಾವಾಗಿಯೇ ಸಣ್ಣವಾಗಿ ಉಳಿಯುತ್ತವೆ, ಮತ್ತು ಕೊನೆಗೆ ಉಳಿಸಬೇಕಾದ ಎಕರೆಗೆ ನೂರು ಚಿಲ್ಲರೆ ಮರಗಳನ್ನು ಸಾವಿರದಲ್ಲಿ ಆರಿಸುವ ಅವಕಾಶ ಸಿಗುತ್ತದೆ. ಆರಿಸುವ ಈ ಅವಕಾಶ ನೆರಳಿನ ಲಾಭಕ್ಕಿಂತ ದೊಡ್ಡದು. 4 ಮೀಟರ್ ಅಂತರದಲ್ಲಿ ನೆಟ್ಟವನಿಗೆ ಡೊಂಕು ಮರವನ್ನೂ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಮೊದಲ ವರ್ಷಗಳಲ್ಲಿ ಸಾಲುಗಳ ನಡುವೆ ಅರಿಸಿನ, ಶುಂಠಿ, ದ್ವಿದಳ ಧಾನ್ಯ ಬೆಳೆಯಲೇಬೇಕು ಎನ್ನುವವರು ಸಾಲಿನಿಂದ ಸಾಲಿಗೆ 4 ಮೀಟರ್, ಸಾಲಿನೊಳಗೆ 2 ಮೀಟರ್ ಇಡಬಹುದು. ಆದರೆ ಆಗ ಸಾಲಿನ ಎರಡೂ ಬದಿಗೆ ಚಾಚುವ ಕೊಂಬೆಗಳನ್ನು ಕೈಯಾರೆ ಸವರುವ, ಅಂದರೆ ಕತ್ತರಿಸಿ ತೆಗೆಯುವ, ಹೊಣೆ ನಿಮ್ಮದಾಗುತ್ತದೆ ಎಂಬುದನ್ನು ಮರೆಯಬಾರದು.

ನೀರು ನಿಲ್ಲುವ ಜಾಗದಲ್ಲಿ ತೇಗ ಬೇಡ. ಅಂಥಲ್ಲಿ ಯಾವ ಅಂತರವೂ ಅದನ್ನು ಕಾಪಾಡುವುದಿಲ್ಲ.

ತೇಗವನ್ನು ಹೆಚ್ಚಾಗಿ ಸ್ಟಂಪ್‌ನಿಂದ ನೆಡುತ್ತಾರೆ: ಮಡಿಯಲ್ಲಿ ಒಂದು ವರ್ಷ ಬೆಳೆದ ಸಸಿಯ ಬೇರನ್ನು ಸುಮಾರು ಗೇಣುದ್ದ, ಕಾಂಡವನ್ನು ಒಂದಿಂಚಿನಷ್ಟು ಉಳಿಸಿ ಕತ್ತರಿಸಿದ ತುಂಡು ಅದು. ಮಳೆ ಬಿದ್ದ ಮೇಲೆ ಅದರಿಂದ ಎರಡು ಮೂರು ಕುಡಿಗಳು ಒಟ್ಟಿಗೆ ಹೊರಡುತ್ತವೆ. ಗೇಣೆತ್ತರ ಬಂದಾಗಲೇ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಚಿವುಟಬೇಕು. ಈ ಐದು ನಿಮಿಷದ ಕೆಲಸ ಬಿಟ್ಟ ತೋಟಗಳಲ್ಲಿ ಬುಡದಿಂದಲೇ ಜೋಡಿ ಕಾಂಡಗಳು ಎದ್ದು, ಪರಸ್ಪರ ತಳ್ಳಿಕೊಳ್ಳುತ್ತ, ಎರಡೂ ಬಿಲ್ಲಿನಂತೆ ಬಾಗಿ ಬೆಳೆದಿರುವುದನ್ನು ಕಾಣಬಹುದು. ಮೊದಲ ವರ್ಷ ತೀರಾ ಡೊಂಕಾದ, ದನ ಕಡಿದ, ತುದಿ ಮುರಿದ ಗಿಡವಿದ್ದರೆ ಅದನ್ನು ನೇರ ಮಾಡುವ ಸಾಹಸ ಬೇಡ. ಮುಂದಿನ ಮಳೆಗೆ ಮುಂಚೆ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಬೇರು ಬಲಿತಿರುವುದರಿಂದ ಹೊಸ ಕುಡಿ ಬಾಣದಂತೆ ನೇರವಾಗಿ ಏಳುತ್ತದೆ, ಒಂದೇ ಋತುವಿನಲ್ಲಿ ಹಳೆಯದರ ಎತ್ತರವನ್ನು ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಕಾಂಡವನ್ನು ಓದುವುದು

ಮೂರನೆಯ ವರ್ಷದಿಂದ ತೋಟದಲ್ಲಿ ಸುತ್ತಾಡಿ ಮರಗಳನ್ನು ಗುರುತಿಸಿಕೊಳ್ಳುವ ಅಭ್ಯಾಸ ಆರಂಭವಾಗಬೇಕು. ಒಂದು ಬದಿಯಿಂದ ಕಂಬದಂತೆ ಕಾಣುವ ಮರ ಇನ್ನೊಂದು ಬದಿಯಿಂದ ಕುಡುಗೋಲಿನಂತೆ ಕಾಣಬಹುದು. ಹಾಗಾಗಿ ಪ್ರತಿ ಮರವನ್ನೂ ಎರಡು ದಿಕ್ಕಿನಿಂದ, ಅಂದರೆ ಪೂರ್ವದಿಂದ ನೋಡಿದರೆ ಮತ್ತೆ ದಕ್ಷಿಣದಿಂದಲೂ, ಹತ್ತು ಹೆಜ್ಜೆ ದೂರ ನಿಂತು ನೋಡಬೇಕು. ದಾರಕ್ಕೆ ಕಲ್ಲು ಕಟ್ಟಿ ಕೈ ಚಾಚಿ ಇಳಿಬಿಟ್ಟು, ಆ ದಾರವನ್ನು ಕಾಂಡದ ಪಕ್ಕಕ್ಕೆ ಕಣ್ಣಳತೆಯಲ್ಲಿ ಹಿಡಿದರೆ ವಾಲಿಕೆ ಎಷ್ಟೆಂದು ಸುಳ್ಳಿಲ್ಲದೆ ಗೊತ್ತಾಗುತ್ತದೆ.

ಡೊಂಕು ಮತ್ತು ವಾಲಿಕೆ ಬೇರೆ ಬೇರೆ ದೋಷಗಳು. ಡೊಂಕಿನಿಂದ ಹೋಗುವುದು ಪ್ರಮಾಣ. 9 ಇಂಚು ವ್ಯಾಸದ, 10 ಅಡಿ ಉದ್ದದ ದಿಮ್ಮಿ ನಡುವೆ 2 ಇಂಚು ಬಾಗಿದೆ ಎಂದುಕೊಳ್ಳಿ. ಅದರೊಳಗೆ ನೇರವಾಗಿ ಹಿಡಿಯುವ ಕಂಬದ ವ್ಯಾಸ ಸುಮಾರು 7 ಇಂಚು ಮಾತ್ರ. ವ್ಯಾಸದಲ್ಲಿ ಹೋದದ್ದು ಎರಡೇ ಇಂಚಾದರೂ ಮರದಲ್ಲಿ ಉಳಿದದ್ದು 81ಕ್ಕೆ 49 ಪಾಲು, ಅಂದರೆ ನೂರಕ್ಕೆ ಅರವತ್ತು. ವಾಲಿಕೆಯಿಂದ ಕೆಡುವುದು ಗುಣ. ವಾಲಿದ ಮರ ತನ್ನನ್ನು ಮೇಲಕ್ಕೆ ಎಳೆದುಕೊಳ್ಳಲು ಯತ್ನಿಸುತ್ತದೆ. ತೇಗದಂಥ ಅಗಲ ಎಲೆಯ ಮರಗಳು ಅದಕ್ಕಾಗಿ ವಾಲಿದ ಕಾಂಡದ ಮೇಲ್ಬದಿಯಲ್ಲಿ ಎಳೆತದ ನಾರನ್ನು ಕಟ್ಟುತ್ತವೆ. ಅಂಥ ಮರದ ಅಡ್ಡಕೊಯ್ತದಲ್ಲಿ ತಿರುಳು ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ಕೊಯ್ಯುವಾಗ ಹಲಗೆಯ ಮೈ ಹತ್ತಿಯಂತೆ ನವಿರೇಳುತ್ತದೆ, ಉಜ್ಜುಗೊರಡು ಎಷ್ಟು ಹರಿತವಿದ್ದರೂ ನುಣುಪು ಬರುವುದಿಲ್ಲ, ಒಣಗಿದ ಹಲಗೆ ಉದ್ದಕ್ಕೆ ಕುಗ್ಗಿ ಬಿಲ್ಲಾಗುತ್ತದೆ. ಡೊಂಕು ಮರವನ್ನು ತುಂಡು ಮಾಡಿಯಾದರೂ ಬಳಸಬಹುದು, ವಾಲಿದ ಮರದ ಈ ದೋಷಕ್ಕೆ ಮಿಲ್ಲಿನಲ್ಲಿ ಮದ್ದಿಲ್ಲ. ಆದ್ದರಿಂದ ಕಡಿದು ತೆಗೆಯುವ ಪಟ್ಟಿಯಲ್ಲಿ ವಾಲಿದ ಮರಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ.

ಅಡಿಕೆ ತೋಟದ ಅಂಚಿಗೆ, ಬದುವಿಗೆ ಒಂದೇ ಸಾಲಿನಲ್ಲಿ ನೆಟ್ಟ ತೇಗಗಳಲ್ಲಿ ಈ ವಾಲಿಕೆ ಸಾಮಾನ್ಯ. ಒಂದು ಬದಿ ತೋಟದ ನೆರಳು, ಇನ್ನೊಂದು ಬದಿ ಬಯಲು. ಮರ ಬಯಲಿಗೆ ಬಾಗುತ್ತದೆ, ಕೊಂಬೆಯೆಲ್ಲ ಅತ್ತಲೇ. ಅಂಚಿನ ಸಾಲು ಬೇಕೇ ಬೇಕೆಂದಿದ್ದರೆ ತೋಟದ ಮರಗಳಿಂದ ನಾಲ್ಕೈದು ಮೀಟರ್ ಸರಿಸಿ ನೆಡಿ, ಬಯಲಿನ ಬದಿಯ ಕೊಂಬೆಗಳನ್ನು ವರ್ಷವರ್ಷ ಹಗುರ ಮಾಡಿ.

ಕವಲಿನ ವಿಷಯದಲ್ಲಿ ತೇಗಕ್ಕೆ ತನ್ನದೇ ಒಂದು ಗುಣವಿದೆ. ಅದರ ಹೂಗೊಂಚಲು ಕಾಂಡದ ತುದಿಯಲ್ಲಿಯೇ ಮೂಡುತ್ತದೆ. ತುದಿ ಹೂವಾದ ಮೇಲೆ ಅಲ್ಲಿಂದ ಮೇಲೆ ನೇರ ಬೆಳವಣಿಗೆ ಇಲ್ಲ, ಕೆಳಗಿನ ಜೋಡಿ ಮೊಗ್ಗುಗಳು ಎರಡು ಕವಲಾಗಿ ಏಳುತ್ತವೆ. ಮೊದಲ ಹೂವು ಎಷ್ಟು ತಡವಾಗಿ ಬರುತ್ತದೆಯೋ ಅಷ್ಟು ಉದ್ದದ ನೇರ ಕಾಂಡ ಸಿಗುತ್ತದೆ. ಇದು ಬಹುಮಟ್ಟಿಗೆ ಹುಟ್ಟುಗುಣವಾದ್ದರಿಂದ, ಬೇಗ ಹೂ ಬಿಡುವ ಗಿಡ್ಡ ಮರಗಳ ಬೀಜದಿಂದ ಎಬ್ಬಿಸಿದ ಸಸಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ನಾಲ್ಕೈದು ವರ್ಷದಲ್ಲೇ ಹೂ ಬಿಟ್ಟು ಕವಲಾದ ಮರಕ್ಕೆ, ಉಳಿದವಕ್ಕೆ ಜಾಗ ಬಿಡಿಸಲು ನಡುನಡುವಿನ ಮರಗಳನ್ನು ಕಡಿದು ತೆಗೆಯುವ ಮೊದಲ ಥಿನ್ನಿಂಗ್‌ನಲ್ಲೇ ಗುರುತು ಹಾಕಿ. ಹೂವಿನಿಂದಲ್ಲದೆ ಕೀಟ, ಗಾಳಿಯಿಂದ ತುದಿ ಮುರಿದು ಆದ ಕವಲಾದರೆ, ಎಳೆಯದಿರುವಾಗಲೇ ಒಂದನ್ನು ಕತ್ತರಿಸಿ ಇನ್ನೊಂದನ್ನು ಮುಖ್ಯ ಕಾಂಡವಾಗಿಸಬಹುದು.

ಮೂರನೆಯ ಹೆಜ್ಜೆ: ಕೊಂಬೆ ಸವರುವುದು

ಒತ್ತಾಗಿ ನೆಟ್ಟರೂ ಎಲ್ಲ ಕೊಂಬೆಗಳೂ ತಾವಾಗಿ ಉದುರುವುದಿಲ್ಲ, ಅಗಲ ನೆಟ್ಟರಂತೂ ಉದುರುವುದೇ ಇಲ್ಲ. ಯಾವಾಗ ಸವರಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಈ ಕೆಲಸ ಮಾಡುವವರಲ್ಲಿಯೂ ಹೆಚ್ಚಿನವರು ಮಾಡುವುದು ತಡವಾಗಿ.

ಕಡಿಯುವಾಗ ಮರದ ಸುತ್ತಳತೆ 36 ಇಂಚು ಇರುತ್ತದೆ ಎಂದುಕೊಳ್ಳೋಣ. ವ್ಯಾಸ ಸುಮಾರು 29 ಸೆಂಟಿಮೀಟರ್. ಸುತ್ತಳತೆ ಒಂದು ಅಡಿ, ಅಂದರೆ ವ್ಯಾಸ ಸುಮಾರು 10 ಸೆಂಟಿಮೀಟರ್ ಇದ್ದಾಗ ಕೊಂಬೆ ಸವರಿದರೆ, ಗಾಯ ಮುಚ್ಚಲು ಹಿಡಿಯುವ ದಪ್ಪವನ್ನೂ ಸೇರಿಸಿ, ಗಂಟುಗಳೆಲ್ಲ ನಡುವಿನ 13 ಸೆಂಟಿಮೀಟರ್ ಒಳಗೆ ಅಡಗುತ್ತವೆ. ಅದರ ಸುತ್ತ 8 ಸೆಂಟಿಮೀಟರ್ ದಪ್ಪದ ಶುದ್ಧ ಮರ ಸಿಗುತ್ತದೆ. ಹೊರಗಿನ ಎರಡು ಮೂರು ಸೆಂಟಿಮೀಟರ್ ಬಿಳಿ ಮರವೆಂದು (ತೊಗಟೆಯಡಿಯ ತಿಳಿ ಬಣ್ಣದ ಪದರ) ಕಳೆದರೂ ಎರಡಿಂಚಿನಷ್ಟು ಗಂಟಿಲ್ಲದ ಚೇಗು, ಅಂದರೆ ಒಳಗಿನ ಬಲಿತ ಮರ, ಉಳಿಯಿತು. ಅದೇ ಕೆಲಸವನ್ನು ಸುತ್ತಳತೆ ಎರಡು ಅಡಿಯಾದ ಮೇಲೆ ಮಾಡಿದರೆ ಗಂಟಿನ ಗರ್ಭವೇ 22 ಸೆಂಟಿಮೀಟರ್ ಆಗಿರುತ್ತದೆ. ಹೊರಗೆ ಉಳಿಯುವ ಮೂರೂವರೆ ಸೆಂಟಿಮೀಟರಿನಲ್ಲಿ ಬಿಳಿ ಮರ ಕಳೆದರೆ ಕೈಗೆ ಬರುವುದು ಬೆರಳಿನ ದಪ್ಪವೂ ಇಲ್ಲ. ಕೂಲಿ, ಏಣಿ, ಶ್ರಮ ಎರಡಕ್ಕೂ ಒಂದೇ.

ಆದ್ದರಿಂದ ಮರ 5–6 ಮೀಟರ್ ಎತ್ತರವಾದಾಗ ಮೊದಲ ಬಾರಿ ಎರಡೂವರೆ ಮೀಟರ್‌ವರೆಗೆ, 10 ಮೀಟರ್ ಆಸುಪಾಸಿಗೆ ಬಂದಾಗ ಎರಡನೆಯ ಬಾರಿ 5 ಮೀಟರ್‌ವರೆಗೆ ಸವರಿ. ಯಾವ ಬಾರಿಯೂ ಒಟ್ಟು ಎತ್ತರದ ಅರ್ಧದಷ್ಟು ಹಸಿರನ್ನು ಉಳಿಸಲೇಬೇಕು. ಅದಕ್ಕಿಂತ ಹೆಚ್ಚು ಬೋಳಿಸಿದ ಮರ ಆಹಾರ ತಯಾರಿಸಲಾಗದೆ ನಿಂತುಬಿಡುತ್ತದೆ, ಮೈತುಂಬ ಹೊಸ ಚಿಗುರುಗಳನ್ನು ಹೊರಡಿಸುತ್ತದೆ. ಎಲ್ಲ ಮರಗಳನ್ನೂ ಸವರುವ ಅಗತ್ಯವಿಲ್ಲ. ಎಕರೆಗೆ ಇನ್ನೂರು ಒಳ್ಳೆಯ ಮರಗಳನ್ನು ಗುರುತಿಸಿ ಅವನ್ನಷ್ಟೇ ಸವರಿದರೆ ಸಾಕು, ಉಳಿದವು ಹೇಗೂ ಥಿನ್ನಿಂಗ್‌ನಲ್ಲಿ ಹೋಗುವಂಥವು.

ಕತ್ತರಿಸುವ ಜಾಗ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸಣ್ಣ ಉಬ್ಬಿದ ಬಳೆ ಕಾಣುತ್ತದೆ, ಬೆರಳಾಡಿಸಿದರೆ ಕೈಗೂ ಸಿಗುತ್ತದೆ. ಆ ಬಳೆಗೆ ತಾಗದಂತೆ, ಅದರ ಹೊರಗೆ ಒತ್ತಿ ಗರಗಸದಿಂದ ಕತ್ತರಿಸಬೇಕು. ಬಳೆಯನ್ನೇ ಕೊಯ್ದರೆ ಗಾಯ ದೊಡ್ಡದಾಗಿ ಕೊಳೆ ಒಳಗಿಳಿಯುತ್ತದೆ. ನಾಲ್ಕು ಬೆರಳು ಮೋಟು ಬಿಟ್ಟರೆ ಅದು ಸತ್ತು, ಅದೇ ನಾಳೆಯ ಕಳಚುವ ಗಂಟಾಗುತ್ತದೆ. ಮಚ್ಚಿನಿಂದ ಮೇಲಿನಿಂದ ಕೆಳಕ್ಕೆ ಹೊಡೆಯುವ ನಮ್ಮ ರೂಢಿ ತೇಗಕ್ಕೆ ಒಳ್ಳೆಯದಲ್ಲ, ಕೊಂಬೆ ಜೋತು ಬೀಳುವಾಗ ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬರುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಕಾಂಡದಿಂದ ಗೇಣು ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಆಮೇಲೆ ಉಳಿದ ಮೋಟನ್ನು ಬಳೆಯ ಹೊರಗೆ ತೆಗೆಯಿರಿ. ಎಲೆ ಉದುರಿದ ಬೇಸಗೆಯ ಕೊನೆಯಲ್ಲಿ ಮಾಡಿದರೆ ಮುಂದೆ ಬರುವ ಮಳೆಗಾಲದ ಬೆಳವಣಿಗೆ ಗಾಯವನ್ನು ಬೇಗ ಮುಚ್ಚುತ್ತದೆ. ಗಾಯಕ್ಕೆ ಸಗಣಿ, ಬಣ್ಣ ಬಳಿಯುವುದರಿಂದ ಅದು ಬೇಗ ಮುಚ್ಚುವುದಿಲ್ಲ. ಚೊಕ್ಕ ಕೊಯ್ತವೇ ಸಾಕು.

ಹೆಬ್ಬೇವಿನಲ್ಲಿ ಇದೇ ತತ್ವವನ್ನು ಇನ್ನೂ ಬೇಗ ಪಾಲಿಸಬೇಕು. ಪ್ಲೈವುಡ್‌ಗೆ ಕಾಂಡವನ್ನು ಸುತ್ತಿ ಸುತ್ತಿ ಹಾಳೆಯಾಗಿ ಸುಲಿಯುವುದರಿಂದ ಒಂದು ಗಂಟು ಪ್ರತಿ ಸುತ್ತಿನಲ್ಲೂ ತೂತಾಗಿ ಮರುಕಳಿಸುತ್ತದೆ. ಅದಕ್ಕಾಗಿ ಮೊದಲ ವರ್ಷ ಪಕ್ಕದ ಮೊಗ್ಗುಗಳನ್ನು ಉಗುರಿನಿಂದ ಚಿವುಟುತ್ತ ಹೋಗುತ್ತಾರೆ. ಕೊಂಬೆಯಾಗಲು ಬಿಡದಿದ್ದರೆ ಗಂಟಿನ ಪ್ರಶ್ನೆಯೇ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಥಿನ್ನಿಂಗ್

2 ಮೀಟರ್ ಚೌಕದಲ್ಲಿ ನೆಟ್ಟ ತೋಪು 7–8 ಮೀಟರ್ ಎತ್ತರವಾದಾಗ, ಒಳ್ಳೆಯ ನೆಲದಲ್ಲಿ ಸಾಮಾನ್ಯವಾಗಿ ಐದನೆಯ ವರ್ಷದ ಹೊತ್ತಿಗೆ, ಮೊದಲ ಥಿನ್ನಿಂಗ್ ಬರುತ್ತದೆ. ಓರೆ ಸಾಲುಗಳಲ್ಲಿ ಒಂದು ಬಿಟ್ಟು ಒಂದನ್ನು ತೆಗೆಯುವುದು ರೂಢಿ. ಇದರಿಂದ ಎಕರೆಗೆ ಸುಮಾರು 505 ಮರ ಉಳಿದು, ಅಂತರ 2.8 ಮೀಟರ್ ಆಗುತ್ತದೆ. ಹತ್ತನೆಯ ವರ್ಷದ ಸುಮಾರಿಗೆ ಮತ್ತೆ ಅರ್ಧ ತೆಗೆದರೆ ಸುಮಾರು 250 ಮರ, 4 ಮೀಟರ್ ಅಂತರ. ಇಲಾಖೆ ದೊಡ್ಡ ಪ್ರದೇಶದಲ್ಲಿ ಯಾಂತ್ರಿಕವಾಗಿ ಸಾಲು ಹಿಡಿದು ಕಡಿಸುವುದಕ್ಕೆ ಮೇಲ್ವಿಚಾರಣೆಯ ಅನುಕೂಲ ಕಾರಣ. ಎರಡು ಮೂರು ಎಕರೆಯ ರೈತನಿಗೆ ಆ ಕಟ್ಟುಪಾಡು ಬೇಕಿಲ್ಲ. ಸಾಲಿನ ಲೆಕ್ಕದಲ್ಲಿ ಉಳಿಯಬೇಕಾದ ಮರ ಡೊಂಕಾಗಿದ್ದು, ಪಕ್ಕದ್ದು ನೇರವಾಗಿದ್ದರೆ, ಗುರುತನ್ನು ಪಕ್ಕದ್ದರಿಂದ ತೆಗೆದು ಡೊಂಕು ಮರಕ್ಕೆ ಹಾಕಿ. ಆದರೆ ಒಂದೇ ಕಡೆ ದೊಡ್ಡ ಕಿಂಡಿ ಬೀಳದಂತೆ ನೋಡಿಕೊಳ್ಳಿ.

ಆ ನಂತರದ ಥಿನ್ನಿಂಗ್‌ಗಳಿಗೆ ವರ್ಷದ ಪಟ್ಟಿಗಿಂತ ಮರದ ತಲೆ ನೋಡುವುದೇ ನಂಬಿಕೆಯ ದಾರಿ. ಮಳೆಗಾಲ ಮುಗಿದ ಮೇಲೆ, ಎಲೆ ತುಂಬಿರುವಾಗ, ತೋಪಿನ ನಡುವೆ ನಿಂತು ತಲೆಯೆತ್ತಿ ನೋಡಿ. ಪಕ್ಕಪಕ್ಕದ ಮರಗಳ ಹರವು ಒಂದಕ್ಕೊಂದು ತಾಗಿ, ಆಕಾಶ ಚೂರುಚೂರಾಗಿ ಕಾಣುತ್ತಿದ್ದರೆ ಸಮಯ ಬಂದಿದೆ. ಹಸಿರು ಹರವಿನ ಉದ್ದ ಮರದ ಒಟ್ಟು ಎತ್ತರದ ಮೂರನೇ ಒಂದಕ್ಕಿಂತ ಕಡಿಮೆಯಾಗಿದ್ದರೆ ಸಮಯ ಮೀರಿದೆ. ಅಂಥ ತೋಪನ್ನು ಒಮ್ಮೆಲೇ ತೆರವು ಮಾಡದೆ ಎರಡು ಮೂರು ವರ್ಷಗಳಲ್ಲಿ ಹಂಚಿ ಬಿಡಿಸಬೇಕು. ಒಮ್ಮೆಲೇ ಬೆಳಕು ಬಿದ್ದರೆ ತೇಗದ ಕಾಂಡದ ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಎದ್ದು ಮೈಯೆಲ್ಲ ಚಿಗುರುತ್ತವೆ, ಸವರಿ ಶುದ್ಧ ಮಾಡಿದ ಕಾಂಡದಲ್ಲಿ ಮತ್ತೆ ಗಂಟಿನ ಬಿತ್ತನೆಯಾಗುತ್ತದೆ. ಪ್ರತಿ ಥಿನ್ನಿಂಗ್ ಆದ ಮುಂದಿನ ಮಳೆಗಾಲದಲ್ಲಿ ಒಂದು ಸುತ್ತು ಹೋಗಿ, ಈ ಚಿಗುರುಗಳು ಮೆತ್ತಗಿರುವಾಗಲೇ ಕೈಯಿಂದ ಉಜ್ಜಿ ಉದುರಿಸಬೇಕು.

ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿಯುವ ಉದ್ದೇಶವಿದ್ದವರು ಎಕರೆಗೆ 100–120 ಮರಗಳಿಗೆ ಬಂದು ನಿಲ್ಲಬಹುದು. ಸರ್ಕಾರಿ ನೆಡುತೋಪುಗಳಲ್ಲಿ 50–60 ವರ್ಷ, ಅದಕ್ಕೂ ಮೀರಿ ಕಾಯುತ್ತಾರೆ. ಆಗ ಮರಗಳ ಸಂಖ್ಯೆ ಇನ್ನೂ ಕಡಿಮೆ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ ಮತ್ತು ಚಾತು ಮೆನನ್ ನೆಡಿಸಿದ ತೇಗಗಳಲ್ಲಿ ಇಂದಿಗೂ ಉಳಿದಿರುವವುಗಳ ಕೆಳಗೆ ನಿಂತರೆ, ಒಂದು ಮರಕ್ಕೆ ಕೊನೆಗೆ ಎಷ್ಟು ಆಕಾಶ ಬೇಕಾಗುತ್ತದೆ ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ.

ಥಿನ್ನಿಂಗ್‌ಗೂ ಅನುಮತಿ ಬೇಕು ಎಂಬುದು ಹಲವರಿಗೆ ನೆನಪಿರುವುದಿಲ್ಲ. ಸ್ವಂತ ಜಮೀನಿನ ತೇಗವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ಅರಣ್ಯ ಇಲಾಖೆಯ ಅನುಮತಿ ಪಡೆದು ಕಡಿಯಬೇಕು, ಸಾಗಿಸಲು ಪರವಾನಗಿ ಬೇಕು. ನೆಟ್ಟ ಮರಗಳನ್ನು ಆರಂಭದಲ್ಲೇ ಪಹಣಿಯಲ್ಲಿ ನಮೂದಿಸಿಕೊಂಡರೆ ಮುಂದೆ ಓಡಾಟ ಕಡಿಮೆಯಾಗುತ್ತದೆ.

ಕೊನೆಯ ಹೆಜ್ಜೆ: ಕಡಿದ ಮೇಲೆ ತುಂಡು ಮಾಡುವುದು

ಮೂವತ್ತು ವರ್ಷ ಜೋಪಾನ ಮಾಡಿದ ಕಾಂಡವನ್ನು ಅರ್ಧ ಗಂಟೆಯಲ್ಲಿ ಹಾಳು ಮಾಡುವ ಸಾಧ್ಯತೆ ಇಲ್ಲಿದೆ. ವ್ಯಾಪಾರದಲ್ಲಿ ದಿಮ್ಮಿಯನ್ನು ಅಳೆಯುವುದು ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. 36 ಇಂಚು ಸುತ್ತಳತೆ, 12 ಅಡಿ ಉದ್ದವಿದ್ದರೆ 9ನ್ನು 9ರಿಂದ, ಬಂದದ್ದನ್ನು 12ರಿಂದ ಗುಣಿಸಿ 144ರಿಂದ ಭಾಗಿಸಿದರೆ 6.75 ಘನ ಅಡಿ. ಈ ಲೆಕ್ಕ ನಿಜವಾದ ಗಾತ್ರದ ನೂರಕ್ಕೆ 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಕೊಯ್ಯುವಾಗ ಆಗುವ ನಷ್ಟಕ್ಕೆ ಮುಂಚಿತವಾಗಿಯೇ ಬಿಟ್ಟುಕೊಟ್ಟಂತಾಯಿತು. ಹಾಗಾಗಿ ನೇರ, ಕಂಬದಂಥ ದಿಮ್ಮಿಗೆ ಮತ್ತೆ ‘ವೇಸ್ಟೇಜ್’ ಎಂದು ಕಳೆಯಲು ಬಂದರೆ ಒಪ್ಪಬೇಕಾಗಿಲ್ಲ.

ಎಲ್ಲಿ ತುಂಡು ಮಾಡಬೇಕು ಎಂಬುದನ್ನು ಚೈನ್‌ಸಾ ಹಿಡಿದವನ ಅಂದಾಜಿಗೆ ಬಿಡಬೇಡಿ. ಮೊದಲೇ ಹೇಳಿದ 10 ಅಡಿಯ, 2 ಇಂಚು ಬಾಗಿದ ದಿಮ್ಮಿಯನ್ನು ಬಾಗಿನ ನಡುವೆಯೇ 5 ಅಡಿಯ ಎರಡು ತುಂಡು ಮಾಡಿದರೆ, ಪ್ರತಿ ತುಂಡಿನ ಬಾಗು ಅರ್ಧ ಇಂಚಿಗೆ ಇಳಿಯುತ್ತದೆ, ಏಕೆಂದರೆ ಉದ್ದ ಅರ್ಧವಾದಾಗ ಬಾಗು ಕಾಲು ಭಾಗವಾಗುತ್ತದೆ. ಸಿಗುವ ಮರ ನೂರಕ್ಕೆ ಅರವತ್ತರಿಂದ ಎಂಬತ್ತೊಂಬತ್ತಕ್ಕೆ ಏರುತ್ತದೆ. ಆದರೆ ಉದ್ದದ ತುಂಡಿಗೆ ದರ ಹೆಚ್ಚು. ಆದ್ದರಿಂದ ಸವರಿ ಬೆಳೆಸಿದ ಬುಡದ ನೇರ ಭಾಗವನ್ನು ಆದಷ್ಟು ಉದ್ದವಾಗಿ ಇಟ್ಟುಕೊಂಡು, ಗಂಟು, ಕವಲು, ಬಾಗು ಇರುವಲ್ಲಿ ಮಾತ್ರ ತುಂಡರಿಸಿ. ಕವಲಿನ ಕೆಳಗೆ ಒಂದು ಅಡಿಯಷ್ಟು ಬಿಟ್ಟು ಕೊಯ್ಯಿರಿ, ಅಲ್ಲಿ ನಾರು ತಿರುಚಿರುತ್ತದೆ.

ಸವರಿದ ಮರದ ಒಳಗಿನ ಶುದ್ಧತೆ ಹೊರಗಿನಿಂದ ಕಾಣುವುದಿಲ್ಲ, ಖರೀದಿದಾರ ಅದಕ್ಕೆ ಸುಮ್ಮನೆ ಹೆಚ್ಚಿನ ದರ ಕೊಡುವುದೂ ಇಲ್ಲ. ಅದಕ್ಕಾಗಿ ಮೊದಲ ವರ್ಷದಿಂದಲೇ ಒಂದು ನೋಟ್‌ಬುಕ್ ಇಡಿ: ಯಾವ ಸಾಲಿನ ಎಷ್ಟನೆಯ ಮರ, ಯಾವ ವರ್ಷ, ಎದೆಮಟ್ಟದಲ್ಲಿ ಎಷ್ಟು ಸುತ್ತಳತೆ ಇದ್ದಾಗ, ಎಷ್ಟು ಎತ್ತರದವರೆಗೆ ಸವರಿದಿರಿ ಎಂದು ಬರೆದಿಡಿ. ಮಾರುವ ದಿನ ಒಂದು ಬುಡದ ತುಂಡನ್ನು ಖರೀದಿದಾರನ ಎದುರಿಗೇ, ಹಳೆಯ ಕೊಂಬೆಯ ಕಲೆ ಇರುವ ಜಾಗದಲ್ಲಿ ಅಡ್ಡಕ್ಕೆ ಕೊಯ್ಯಿಸಿ. ನಡುವಿನಲ್ಲಿ ಅಂಗೈಯಗಲದ ಗಂಟಿನ ಗರ್ಭ, ಅಲ್ಲಿಂದ ಬಿಳಿ ಮರದವರೆಗೆ ಎಡೆಬಿಡದ ಹೊಂಬಣ್ಣದ ಚೇಗು ಕಂಡರೆ, ನೋಟ್‌ಬುಕ್ಕಿನ ಉಳಿದ ಸಾಲುಗಳನ್ನೂ ತೋರಿಸಿ ದರದ ಮಾತಿಗೆ ಕೂರಬಹುದು.